ನಮ್ಮೂರ ಕಲ್ಲಿನ ಕಥೆಗೆ 250 ಕೋಟಿ ವರ್ಷ

ಕಳೆದ ಬೇಸಿಗೆಯಲ್ಲಿ ತೆರಕಣಾಂಬಿಯ ನಮ್ಮ ಹೊಲದಲ್ಲಿ ಮೂರನೇ ಬೋರೂ ಫೇಲಾಯ್ತು. ಬಂದದ್ದು ಬರೀ ಬೂದಿಯಂಥ ಧೂಳು. ಇನ್ನೂರು ಹೆಜ್ಜೆ ಆಚೆ, ಪಕ್ಕದ ಹೊಲದವರ ಬೋರಲ್ಲಿ ಮಾತ್ರ ನೀರಿದೆ. ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದ ನಾನು ಜಗುಲಿ ಮೇಲೆ ಕೂತು ಫೋನಲ್ಲಿ ಸ್ಯಾಟಲೈಟ್ ಮ್ಯಾಪ್ ತೆಗೆದೆ. "ಅದ್ರಲ್ಲಿ ನೀರು ಎಲ್ಲದೆ ಅಂತ ಕಾಣ್ತದಾ ಮಗಾ?" ಅಂದ್ರು ಅಪ್ಪ.

ನೀರು ಕಾಣಲಿಲ್ಲ. ಕಂಡದ್ದು ಒಂದು ಗೆರೆ.

ನೀವೂ ಮ್ಯಾಪನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟದಿಂದ ದಕ್ಷಿಣಕ್ಕೆ ಸರಿಸಿ ನೋಡಿ. ಬಂಡೀಪುರ ಕಾಡಿನ ಅಂಚಲ್ಲಿ ಮೋಯಾರ್ ನದಿ ಆಳವಾದ ಕಮರಿಯೊಳಗೆ ಪೂರ್ವಕ್ಕೆ ಹರಿಯುತ್ತೆ, ಹೆಚ್ಚುಕಡಿಮೆ ಸ್ಕೇಲ್ ಇಟ್ಟು ಎಳೆದ ಹಾಗೆ. ನೆಲದೊಳಗೆ ಮೊದಲೇ ಇದ್ದ ದುರ್ಬಲ ಪಟ್ಟಿಯನ್ನು ನದಿ ಕೊರೆದುಕೊಂಡು ಹೋಗಿದೆ. ಭೂವಿಜ್ಞಾನಿಗಳು ಇದನ್ನು ಮೋಯಾರ್ ಶಿಯರ್ ಝೋನ್ ಅಂತಾರೆ. ಉತ್ತರಕ್ಕೆ ಧಾರವಾಡ ಭೂಖಂಡದ ಶಿಲೆ, ದಕ್ಷಿಣಕ್ಕೆ ನೀಲಗಿರಿಯದ್ದು. ಸುಮಾರು 250 ಕೋಟಿ ವರ್ಷ ಹಿಂದೆ ಇವೆರಡೂ ಗುದ್ದಿ ಬೆಸೆದುಕೊಂಡ ಗುರುತು ಇದು ಅನ್ನೋದು ಹಲವು ವಿಜ್ಞಾನಿಗಳ ಅಭಿಪ್ರಾಯ.

ಇವತ್ತು ಮೇಲೆ ಕಾಣುವ ಕಲ್ಲು ಆಗ ಎಷ್ಟೋ ಕಿಲೋಮೀಟರ್ ಆಳದಲ್ಲಿತ್ತು. ಅಲ್ಲಿನ ಬಿಸಿಗೆ ಕಲ್ಲು ಒಡೆಯಲ್ಲ. ಬಿಸಿ ಮುದ್ದೆ ಥರ ಎಳೆದ ಕಡೆಗೆ ನುಲಿಯುತ್ತೆ. ಕೋಟ್ಯಂತರ ವರ್ಷ ಮೇಲಿನ ಪದರ ಸವೆದು ಅದು ಮೇಲೆ ಬಂತು, ತಣ್ಣಗಾಯ್ತು. ತಣ್ಣಗಾದ ಮುದ್ದೆ ಎಳೆದರೆ ಬಿರುಕು ಬಿಡುತ್ತೆ. ಆ ಬಿರುಕಿನಲ್ಲಿ ಕಲ್ಲು ಜಾರಿದರೆ ಅದೇ ಫಾಲ್ಟ್, ನಮ್ಮ ಪಠ್ಯಪುಸ್ತಕದ ಸ್ತರಭಂಗ. ಮುಂದೆ ಒತ್ತಡ ಬಿದ್ದಾಗ ಸಾಮಾನ್ಯವಾಗಿ ಹಳೇ ಬಿರುಕೇ ಮೊದಲು ಅಲುಗುತ್ತೆ. ನಮ್ಮ ಆಫೀಸಿನ ಭಾಷೆಯಲ್ಲಿ ಲೆಗಸಿ ಕೋಡ್: ಮೇಲೆ ಎಷ್ಟು ಪ್ಯಾಚ್ ಹಾಕಿದರೂ ಕೈಕೊಡೋದು ಅದೇ ಹಳೇ ಜಾಗ.

ಇದೆಲ್ಲ ಮುಗಿದ ಕಥೆಯೂ ಅಲ್ಲ. ಭೂವಿಜ್ಞಾನಿಗಳಾದ ಕೆ.ಎಸ್. ವಾಲ್ದಿಯಾ ಮತ್ತು ಜಿ. ರಾಜಗೋಪಾಲನ್ 2000ದಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದ ಪ್ರಕಾರ, ಮೈಸೂರು ಪ್ರಸ್ಥಭೂಮಿಯ ಸ್ತರಭಂಗಗಳು ಭೂಮಿಯ ಲೆಕ್ಕದಲ್ಲಿ ತೀರಾ ಇತ್ತೀಚೆಗೆ ಮತ್ತೆ ಅಲುಗಿವೆ. ಅದರಿಂದ ಕಾವೇರಿ ಕೊಳ್ಳದಲ್ಲಿ ನೀರು ತಡೆದು ದೊಡ್ಡ ಸರೋವರಗಳೇ ನಿಂತಿದ್ದವು. ಇನ್ನು 1900ರ ಫೆಬ್ರುವರಿಯಲ್ಲಿ ಕೊಯಮತ್ತೂರು ಕಡೆ ಸುಮಾರು 6 ಪರಿಮಾಣದ ಭೂಕಂಪವೇ ಆಗಿತ್ತು. ದಕ್ಷಿಣದ ನೆಲ ಗಟ್ಟಿ ನಿಜ, ಪೂರ್ತಿ ನಿದ್ದೆ ಮಾತ್ರ ಹೋಗಿಲ್ಲ.

ಇದಕ್ಕೂ ನಮ್ಮ ಬೋರಿಗೂ ಏನು ಸಂಬಂಧ? ಗಟ್ಟಿ ಕಲ್ಲಿನ ನಾಡಲ್ಲಿ, ಸವೆದು ಸಡಿಲವಾದ ಮೇಲ್ಪದರ ಬಿಟ್ಟರೆ, ನೀರು ನಿಲ್ಲೋದು ಬಿರುಕುಗಳಲ್ಲೇ. ಬೋರು ಬಿರುಕಿಗೆ ಸಿಕ್ಕರೆ ನೀರು, ನಾಲ್ಕು ಮಾರು ತಪ್ಪಿದರೆ ಧೂಳು. ಬಿರುಕು ಸಿಕ್ಕರೂ ಅದರೊಳಗೆ ಮಳೆನೀರು ಇಳಿದಿರಬೇಕು. ನಾವು ವರ್ಷಗಟ್ಟಲೆ ಮೇಲೆತ್ತಿದ್ದೇ ಹೊರತು ಒಳಗೆ ಇಳಿಸಿದ್ದು ಕಡಿಮೆ.

"ನಾಲ್ಕನೇ ಬೋರಿನ ದುಡ್ಡನ್ನು ಕೃಷಿಹೊಂಡಕ್ಕೆ ಹಾಕೋಣ ಅಪ್ಪ" ಅಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸೋರು ಭಾನುವಾರ ಬರ್ತಾರಂತೆ.