‘ಮೈಟ್ ಕುಡ್’: ತಪ್ಪೋ, ತಾಯ್ನುಡಿಯೋ?

ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ಕಂಠಪಾಠ ಮಾಡಿ ಇಂಗ್ಲಿಷ್ ಕಲಿತವರ ಕಿವಿಗೆ ‘ಐ ಮೈಟ್ ಕುಡ್ ಡೂ ಇಟ್’ ಎಂಬ ವಾಕ್ಯ ಬಿದ್ದರೆ ಮೇಷ್ಟರ ಕೆಂಪು ಶಾಯಿ ನೆನಪಾಗುವುದು ಸಹಜ. ಮೈಟ್, ಕುಡ್, ಶುಡ್, ವಿಲ್ ಮೊದಲಾದ ಸಹಾಯಕ ಕ್ರಿಯಾಪದಗಳಲ್ಲಿ ಒಂದು ಕ್ರಿಯೆಯ ಮುಂದೆ ಒಂದಕ್ಕೆ ಮಾತ್ರ ಎಡೆಯುಂಟೆಂಬುದು ಪಠ್ಯಪುಸ್ತಕದ ಕಟ್ಟಳೆ. ಆದರೆ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ, ಅಪಲೇಚಿಯನ್ ಬೆಟ್ಟಸೀಮೆಯಲ್ಲಿ, ಸ್ಕಾಟ್ಲೆಂಡಿನಲ್ಲಿ, ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಈ ಜೋಡಿ ಪ್ರಯೋಗ ತಲೆಮಾರುಗಳಿಂದ ನಡೆದುಬಂದಿದೆ.

ಕನ್ನಡಿಗರಿಗೆ ಇದು ಅಷ್ಟೇನೂ ವಿಚಿತ್ರವೆನಿಸಬೇಕಾಗಿಲ್ಲ. ‘ಹೋಗಬೇಕಾಗಬಹುದು’ ಎಂಬ ಒಂದೇ ಪದದಲ್ಲಿ ‘ಬೇಕು’, ‘ಬಹುದು’ ಎರಡೂ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ‘ಮೈಟ್ ಕುಡ್’ ಎಂಬಲ್ಲಿಯೂ ಸಾಮಾನ್ಯವಾಗಿ ಮೊದಲನೆಯದು ಸಂಭವವನ್ನು, ಎರಡನೆಯದು ಸಾಮರ್ಥ್ಯವನ್ನು ಸೂಚಿಸುತ್ತದೆ. ಶಿಷ್ಟ ಇಂಗ್ಲಿಷಿನಲ್ಲಿ ಇದನ್ನೇ ಹೇಳಲು ‘ಮೈಟ್ ಬಿ ಏಬಲ್ ಟು’ ಎಂದು ಸುತ್ತುಬಳಸಿ ಹೋಗಬೇಕು! ಸ್ಕಾಟ್ಲೆಂಡಿನವರ ‘ವಿಲ್ ಕ್ಯಾನ್’ ಕೂಡ ಇದೇ ಬಗೆಯದು; ‘ಅವನಿಂದ ನಾಳೆ ಆಗುತ್ತದೆ’ ಎಂಬ ಅರ್ಥದ್ದು.

ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಶಲ್’ ಜೊತೆಗೆ ಇಂದಿನ ‘ಮೇ’ ಪದದ ಪೂರ್ವರೂಪ ಬರುತ್ತಿದ್ದುದುಂಟು. ಶಿಷ್ಟಭಾಷೆ ಅದನ್ನು ಕೈಬಿಟ್ಟಿತು. ಹದಿನೆಂಟನೆಯ ಶತಮಾನದಲ್ಲಿ ಐರ್ಲೆಂಡಿನ ಅಲ್‌ಸ್ಟರ್ ಪ್ರಾಂತದಿಂದ ಕಡಲು ದಾಟಿ ಬಂದ ಸ್ಕಾಟ್ ಮೂಲದ ವಲಸೆಗಾರರೇ ಇಂಥ ಜೋಡಿಗಳನ್ನು ಅಮೆರಿಕದ ಬೆಟ್ಟಗಳಿಗೆ ಒಯ್ದರೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮನೆಮಾತನ್ನು ಗಂಟುಕಟ್ಟಿಕೊಂಡು ಊರು ಬಿಟ್ಟವರಿಗೆ ಈ ಕಥೆ ಹೊಸದಲ್ಲ.

ಈ ಪ್ರಯೋಗದ ನಿಜವಾದ ಸೊಗಸು ಇರುವುದು ದಾಕ್ಷಿಣ್ಯದಲ್ಲಿ. ಉತ್ತರ ಹಾಗೂ ದಕ್ಷಿಣ ಕ್ಯಾರೊಲಿನಾಗಳ ಮಾತನ್ನು ಪರಿಶೀಲಿಸಿ ಮಾರ್ಗರೆಟ್ ಮಿಶೋ ಮತ್ತು ಮೈಕೇಲ್ ಮಾಂಟ್‌ಗಮರಿ 1994ರಲ್ಲಿ ಪ್ರಕಟಿಸಿದ ಲೇಖನವು ಇದನ್ನೇ ಎತ್ತಿ ತೋರಿಸಿತು: ಎದುರುಬದುರು ನಿಂತು ಸಹಾಯ ಬೇಡುವಾಗ, ವ್ಯವಹಾರ ಕುದುರಿಸುವಾಗ, ಮುಖ ಮುರಿಯದೆ ಮಾತಾಡಬೇಕಾದಾಗ ಈ ಜೋಡಿ ಹೊರಬರುತ್ತದೆ. ‘ಗುರುವಾರ ಬರಲಾದೀತೆ?’ ಎಂದು ಪರಸ್ಥಳದ ವೈದ್ಯರು ಕೇಳಿದಾಗ ರೋಗಿ ‘ಮೈಟ್ ಕುಡ್’ ಎಂದರೆ, ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಗಾಡಿ ಸಿಗಬೇಕು, ಕೂಲಿ ತಪ್ಪಬಾರದು, ಎನ್ನುವ ತೊಡಕುಗಳೆಲ್ಲ ಆ ಎರಡು ಪದಗಳ ಹಿಂದೆ ಅಡಗಿರಬಹುದು. ಭಾಷೆಯ ಒಳಗುಟ್ಟು ತಿಳಿಯದ ವೈದ್ಯರು ‘ಬರುತ್ತಾರೆ’ ಎಂದು ಬರೆದುಕೊಂಡರೆ ಔಷಧದ ಸರದಿಯೇ ತಪ್ಪೀತು. ಇನ್ನೊಂದು ಪ್ರಶ್ನೆ ಕೇಳಿದರೆ ಸಾಕು, ಗಾಡಿಯ ವಿಷಯ ಹೊರಬರುತ್ತದೆ.

ಶಾಲೆಯಲ್ಲಿ ಇದು ಅಶುದ್ಧವೆನಿಸಿಕೊಂಡದ್ದರಿಂದ ಅನೇಕರು ಅಪರಿಚಿತರ ಮುಂದೆ ಇದನ್ನು ನುಂಗಿಕೊಳ್ಳುತ್ತಾರೆ. ಪ್ರಶ್ನಾವಳಿ ಹಿಡಿದು ಹೋದ ಸಂಶೋಧಕರಿಗೆ ದಕ್ಕದ ಈ ಮಾತು, ಅಂಗಡಿಯ ಕಟ್ಟೆಯಲ್ಲೋ ಅಡುಗೆಮನೆಯಲ್ಲೋ ತಾನಾಗಿ ಕೇಳಿಬರುತ್ತದೆ.