ಸುಣ್ಣದ ನೆಲದಲ್ಲಿ ಸುಣ್ಣ ಸಿಗದ ಟೊಮೆಟೊ

ಕಲಬುರಗಿಯಲ್ಲಿ ಮಾಳಿಗೆಯ ಮೇಲೆ ಕುಂಡ ಇಟ್ಟು ಟೊಮೆಟೊ ಬೆಳೆಯುವವರಿಗೆ ಫೆಬ್ರವರಿ ಮುಗಿಯುವ ಹೊತ್ತಿಗೆ ಒಂದು ಸಂಕಟ ಎದುರಾಗುತ್ತದೆ. ಗಿಡ ಹಸಿರಾಗಿಯೇ ಇರುತ್ತದೆ, ಹೂವೂ ಬಿಟ್ಟಿರುತ್ತದೆ. ಕಾಯಿ ಅರ್ಧ ಬಲಿಯುವಷ್ಟರಲ್ಲಿ ತೊಟ್ಟಿನ ಎದುರು ತುದಿಯಲ್ಲಿ ನೀರಾಡಿದ ಸಣ್ಣ ಕಲೆ ಕಾಣಿಸಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಅದು ಕಂದಾಗಿ, ಕಪ್ಪಾಗಿ, ಒಣಗಿದ ತೊಗಲಿನಂತೆ ಒಳಕ್ಕೆ ಕುಸಿಯುತ್ತದೆ. ರೋಗ ಬಿತ್ತೆಂದು ಅಂಗಡಿಯಿಂದ ಔಷಧಿ ತಂದು ಹೊಡೆಯುತ್ತಾರೆ. ಹೊಡೆದರೂ ನಿಲ್ಲುವುದಿಲ್ಲ. ಏಕೆಂದರೆ ಮೊದಲಿಗೆ ಅಲ್ಲಿ ಹುಳವೂ ಇಲ್ಲ, ಶಿಲೀಂಧ್ರವೂ ಇಲ್ಲ. ಆ ತುದಿಯ ಜೀವಕೋಶಗಳಿಗೆ ಕ್ಯಾಲ್ಸಿಯಂ ಸಾಲದೆ ಅವುಗಳ ಗೋಡೆ ಗಟ್ಟಿಯಾಗಿಲ್ಲ, ಅಷ್ಟೆ.

ಇಷ್ಟು ತಿಳಿದ ಕೂಡಲೇ ಹೆಚ್ಚಿನವರು ಮೊಟ್ಟೆಯ ಸಿಪ್ಪೆ ಪುಡಿ ಮಾಡಿ ಬುಡಕ್ಕೆ ಹಾಕುತ್ತಾರೆ. ಕೆಲವರು ಸುಣ್ಣದ ತಿಳಿ ಹಾಕುತ್ತಾರೆ. ಆದರೆ ಈ ಜಿಲ್ಲೆಯ ನೆಲಕ್ಕೆ ಸುಣ್ಣದ ಬರವೇ? ಮನೆಗಳಿಗೆಲ್ಲ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಸೇಡಂ, ಚಿತ್ತಾಪುರದ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದೇ ಕಲ್ಲನ್ನು ನಂಬಿ. ಎರೆಮಣ್ಣನ್ನು ಅಗೆದರೆ ಬಿಳಿಯ ಸುಣ್ಣದ ಹರಳುಗಳು ಕೈಗೆ ಸಿಗುತ್ತವೆ. ಇಂಥ ಮಣ್ಣಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು ಇರುತ್ತದೆ. ಅಲ್ಲಿ ಮೊಟ್ಟೆಯ ಸಿಪ್ಪೆ ಕರಗುವುದೇ ಅಪರೂಪ. ಕರಗಿದರೂ ಮೊದಲೇ ತುಂಬಿರುವ ಉಗ್ರಾಣಕ್ಕೆ ಇನ್ನೊಂದು ಹಿಡಿ ಸೇರಿದಂತೆ.

ಮಣ್ಣಿನಲ್ಲಿ ಇಷ್ಟೊಂದು ಇದ್ದೂ ಕಾಯಿಗೆ ಯಾಕೆ ಸಿಗಲಿಲ್ಲ? ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ ಮೇಲೇರಬೇಕು. ಎಲೆಗಳು ಬಿಸಿಲಿಗೆ ನೀರನ್ನು ಆವಿಯಾಗಿ ಬಿಡುತ್ತಿರುವುದರಿಂದ ನೀರಿನ ಹರಿವು ಹೆಚ್ಚಾಗಿ ಎಲೆಗಳತ್ತಲೇ ಹೋಗುತ್ತದೆ. ಕಾಯಿಯ ನುಣುಪು ಸಿಪ್ಪೆಯಿಂದ ಆವಿಯಾಗುವುದು ಬಹಳ ಕಡಿಮೆ, ಹಾಗಾಗಿ ಅದರ ಪಾಲಿಗೆ ಬರುವ ನೀರೂ ಕಡಿಮೆ. ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ಅಲ್ಲಿಂದ ಮತ್ತೆ ಕಾಯಿಗೆ ಬರುವುದಿಲ್ಲ. ಕಾಯಿ ವೇಗವಾಗಿ ಹಿಗ್ಗುವ ದಿನಗಳಲ್ಲಿ ಬೇರಿಗೆ ನೀರು ಎರಡು ದಿನ ತಪ್ಪಿದರೂ ಕೊನೆಯ ತುದಿಗೆ ಪೆಟ್ಟು ಬೀಳುತ್ತದೆ.

“ನಾವು ದಿನಾ ನೀರು ಹಾಕ್ತೀವಲ್ಲ” ಎನ್ನುವವರು ಕುಂಡದ ಅಂಚನ್ನು ಬಗ್ಗಿ ನೋಡಬೇಕು. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ಇದು ಕೈ ಇಳಿಯುವಷ್ಟು ಬಿರುಕಾಗಿ ಕಾಣುತ್ತದೆ. ಕುಂಡದಲ್ಲಾದರೆ ಮಣ್ಣಿನ ಗಡ್ಡೆ ಪೂರ್ತಿ ಕುಗ್ಗಿ, ಗೋಡೆಗೂ ಮಣ್ಣಿಗೂ ನಡುವೆ ಬೆರಳಗಲದ ಸಂದು ಬೀಳುತ್ತದೆ. ಮೇಲಿಂದ ಸುರಿದ ನೀರು ಆ ಸಂದಿನಲ್ಲಿ ಜಾರಿ ತಳದ ತೂತಿನಿಂದ ಹೊರಗೆ ಹರಿಯುತ್ತದೆ. ಕೆಳಗೆ ನೀರು ಬಂತಲ್ಲ, ಸಾಕು ಎಂದು ನಾವು ಮುಂದಿನ ಕುಂಡಕ್ಕೆ ಹೋಗುತ್ತೇವೆ. ಒಳಗಿನ ಗಡ್ಡೆ ಒಣಗಿಯೇ ಇರುತ್ತದೆ. ಸಂದನ್ನು ಕೈಯಿಂದ ಮುಚ್ಚಿ, ಒಂದು ಚೊಂಬು ಹಾಕಿ, ಹತ್ತು ನಿಮಿಷ ಬಿಟ್ಟು ಇನ್ನೊಂದು ಚೊಂಬು ಹಾಕಿದರೆ ಅದೇ ನೀರು ಬೇರಿಗೆ ತಲುಪುತ್ತದೆ. ತಿಪ್ಪೆ ಗೊಬ್ಬರ ಧಾರಾಳವಾಗಿ ಬೆರೆಸಿದ ಮಣ್ಣು ಇಷ್ಟು ಕುಗ್ಗುವುದಿಲ್ಲ.

ಹಾಗಾದರೆ ತಪ್ಪಿದ್ದು ನೀರು ಹಾಕುವ ರೀತಿಯಲ್ಲೋ, ಮಣ್ಣಿನಲ್ಲೋ, ಬಿಸಿಲಿನಲ್ಲೋ? ಕೈತೋಟದಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ. ಕಾಯಿ ಕೆಟ್ಟಿತೆಂದು ಗೊಬ್ಬರ ಬದಲಿಸುತ್ತಾರೆ, ಅದೇ ವಾರ ಹಸಿರು ನೆಟ್ ಕಟ್ಟುತ್ತಾರೆ, ನೀರನ್ನೂ ಹೆಚ್ಚಿಸುತ್ತಾರೆ. ಆಮೇಲೆ ಗಿಡ ಸುಧಾರಿಸಿದರೂ ಯಾವುದರಿಂದ ಎಂದು ಹೇಳಲಾಗುವುದಿಲ್ಲ. ಹೋಲಿಸಲು ಪಕ್ಕದಲ್ಲಿ ಇನ್ನೊಂದು ಗಿಡ ಇಲ್ಲದಿದ್ದರೆ ಸೋಲೂ ಏನನ್ನೂ ಕಲಿಸದೆ ಹೋಗುತ್ತದೆ.

ಈ ತೊಡಕಿಗೆ ದಾರಿ ಹುಡುಕಿದ್ದೂ ಹೊಲದಲ್ಲೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಗೊಬ್ಬರದ ಪ್ರಯೋಗಗಳು ನಡೆಯುತ್ತಿದ್ದವು. ರಾಶಿಬಿದ್ದ ಲೆಕ್ಕಗಳಿಂದ ಅರ್ಥ ಹೊರಡಿಸಲು 1919ರಲ್ಲಿ ಅಲ್ಲಿಗೆ ಬಂದವರು ರೊನಾಲ್ಡ್ ಫಿಶರ್. ಪ್ರಕೃತಿಗೆ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಬೇಕೆಂಬುದು ಆಗಿನ ನಂಬಿಕೆ. ಅದು ಸರಿಯಲ್ಲ, ಪ್ರಶ್ನೆಗಳನ್ನು ಯೋಚಿಸಿ ಜೋಡಿಸಿದರೆ ಹಲವನ್ನು ಒಟ್ಟಿಗೆ ಕೇಳಬಹುದು ಎಂದು ಅವರು 1926ರಲ್ಲೇ ವಾದಿಸಿದರು. ಮಾಳಿಗೆಯ ಮೇಲೆ ಇದಕ್ಕೆ ನಾಲ್ಕು ಕುಂಡ ಸಾಕು. ಎರಡಕ್ಕೆ ಬರೀ ಎರೆಮಣ್ಣು, ಎರಡಕ್ಕೆ ಗೊಬ್ಬರ ಬೆರೆಸಿದ ಎರೆಮಣ್ಣು. ಪ್ರತಿ ಜೋಡಿಯಲ್ಲಿ ಒಂದರ ಮೇಲೆ ತೊಗರಿ ಹೊಟ್ಟಿನ ಹೊದಿಕೆ, ಇನ್ನೊಂದು ಬಯಲು. ನಾಲ್ಕಕ್ಕೂ ಒಂದೇ ಅಳತೆಯ ನೀರು. ಗೊಬ್ಬರ ಎಷ್ಟು ನೆರವಾಯಿತು, ಹೊದಿಕೆ ಎಷ್ಟು ಎಂಬುದರ ಜೊತೆಗೆ ಎರಡೂ ಸೇರಿದಾಗ ಏನಾಗುತ್ತದೆ ಎಂಬುದೂ ಕಾಣುತ್ತದೆ. ಎಂಟು ಕುಂಡ ಇಡಲು ಜಾಗ ಇದ್ದರೆ ಇನ್ನೂ ಒಳ್ಳೆಯದು. ಒಂದು ಸಸಿ ಸುಮ್ಮನೆ ಬಡಕಲಾಗಿದ್ದರೆ ಅದರ ಮಾತನ್ನೇ ನಂಬುವ ಅಪಾಯ ತಪ್ಪುತ್ತದೆ. ಯಾವ ಕುಂಡ ಎಲ್ಲಿರಬೇಕೆಂದು ಚೀಟಿ ಎತ್ತಿ ನಿರ್ಧರಿಸಬೇಕು, ಇಲ್ಲದಿದ್ದರೆ ಒಳ್ಳೆಯ ಮಣ್ಣಿನ ಕುಂಡವನ್ನು ನೆರಳಿನ ಮೂಲೆಯಲ್ಲಿಡುವ ಆಸೆ ಬಂದೇ ಬರುತ್ತದೆ. ಇದೂ ಫಿಶರ್ ಅವರದೇ ಪಾಠ.

ಟೊಮೆಟೊ ಉತ್ತರ ಕೊಡಲು ಮೂರು ತಿಂಗಳು ಬೇಕು. ಮಣ್ಣಿನ ಗುಣ ಬೇಗ ತಿಳಿಯಬೇಕೆಂದರೆ ಮೆಂತ್ಯ ಹಾಕಬಹುದು, ತಿಂಗಳೊಳಗೆ ಸೊಪ್ಪು ಕೈಗೆ ಬರುತ್ತದೆ. ಮಾರ್ಚ್ ದಾಟಿದ ಮೇಲೆ ಟೊಮೆಟೊ ಹೂವೇ ಉದುರಿದರೆ ಕುಂಡವನ್ನು ದೂರುವಂತಿಲ್ಲ. ಹಗಲಿನ ಬಿಸಿ 35 ಡಿಗ್ರಿ ಮೀರಿ ರಾತ್ರಿಯೂ ತಣಿಯದಿದ್ದರೆ ಅದರ ಪರಾಗ ಸತ್ವ ಕಳೆದುಕೊಳ್ಳುತ್ತದೆ, ಮತ್ತು ಇಲ್ಲಿನ ಬೇಸಿಗೆ 40 ಡಿಗ್ರಿ ದಾಟಿಯೇ ದಾಟುತ್ತದೆ. ಆ ದಿನಗಳಲ್ಲಿ ಬೆಂಡೆ, ಚವಳಿಕಾಯಿ, ಪುಂಡಿ ಇದ್ದರೆ ಮನೆಯ ಅಡುಗೆಗೆ ಕೊರತೆಯಾಗದು.

ನಗರದಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಕಮಲಾಪುರದ ಕೆಂಪು ಬಾಳೆ ಕಲಿಸುವುದು ಬೇರೆಯದೇ ಪಾಠ. ಕೆಂಪು ಸಿಪ್ಪೆ, ಕೆನೆ ಬಣ್ಣದ ತಿರುಳಿನ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ರುಚಿಗೆ ಮನಸೋತು ಒಂದು ಕಂದು ತಂದು ಕಲಬುರಗಿಯ ಹಿತ್ತಲಲ್ಲಿ ನೆಡುವ ಆಸೆ ಯಾರಿಗಾದರೂ ಆಗುತ್ತದೆ. ನೆಡಬೇಕು ಎಂದೇ ನಾನು ಹೇಳುತ್ತೇನೆ. ಬಾಳೆಯ ಕಂದು ತಾಯಿಯ ತದ್ರೂಪು, ಬೀಜದ ಗೊಂದಲ ಅಲ್ಲಿಲ್ಲ. ಹೈಬ್ರಿಡ್ ಟೊಮೆಟೊ ಹಣ್ಣಿನ ಬೀಜ ಬಿತ್ತಿದರೆ ಒಂದೊಂದು ಸಸಿ ಒಂದೊಂದು ಬಗೆ ಆಗುವುದರಿಂದ ವ್ಯತ್ಯಾಸ ಬೀಜದ್ದೋ ಮಣ್ಣಿನದ್ದೋ ತಿಳಿಯದು. ಕಂದಿನಲ್ಲಾದರೆ ಕಮಲಾಪುರದ ಗೊನೆಗೂ ಹಿತ್ತಲಿನ ಗೊನೆಗೂ ಕಾಣುವ ಅಂತರವೆಲ್ಲ ಬಹುಮಟ್ಟಿಗೆ ನೆಲ, ನೀರು, ಆರೈಕೆಯದ್ದೇ.

ಆದರೆ ಕೆಂಪು ಬಾಳೆ ಗೊನೆ ಕೊಡಲು ಸುಮಾರು 18 ತಿಂಗಳು ಕಾಯಿಸುತ್ತದೆ, ಒಂದು ತಪ್ಪಿಗೆ ಒಂದೂವರೆ ವರ್ಷದ ಬೆಲೆ. ಆದ್ದರಿಂದ ಎರಡು ಗುಂಡಿ ತೆಗೆಯುವುದು ಲೇಸು: ಒಂದರಲ್ಲಿ ಇದ್ದ ಎರೆಮಣ್ಣೇ ಇರಲಿ, ಇನ್ನೊಂದನ್ನು ಕೊಟ್ಟಿಗೆ ಗೊಬ್ಬರ ಹಾಕಿ ಸಡಿಲ ಮಾಡಿ, ಮಳೆನೀರು ನಿಲ್ಲದಂತೆ ಸ್ವಲ್ಪ ಎತ್ತರಿಸಬೇಕು. ಕಂದುಗಳು ಒಂದೇ ತೂಕದ, ಕತ್ತಿಯಂಥ ಕಿರಿದಾದ ಎಲೆಯವು ಆಗಿರಲಿ. ಎಳವೆಯಲ್ಲೇ ಎಲೆ ಅಗಲಿಸಿದ ನೀರುಗಂದುಗಳಿಗೆ ಬುಡದಲ್ಲಿ ಕಸುವಿರುವುದಿಲ್ಲ. ಕೀಳುವ ಮೊದಲು ತಾಯಿಗಿಡದ ಗೊನೆಯನ್ನು ಒಮ್ಮೆ ನೋಡಿಕೊಳ್ಳಬೇಕು. ಕೆಂಪು ಬಾಳೆಯ ಬುಡದಲ್ಲಿ ಅಪರೂಪಕ್ಕೆ ತಾನಾಗಿಯೇ ಮಾರ್ಪಟ್ಟು ಹಸಿರು ಗೊನೆ ಬಿಡುವ ಗಿಡವೂ ಹುಟ್ಟುತ್ತದೆ, ಅದರ ಕಂದು ಎಷ್ಟೇ ಒಳ್ಳೆಯ ಮಣ್ಣು ಕೊಟ್ಟರೂ ಕೆಂಪಾಗುವುದು ತೀರ ವಿರಳ.