ಎಲ್ಲೋರದ ಗಿಲಾವಿನಲ್ಲಿ ಭಂಗಿಯ ನಾರು

ಪುರಾತತ್ತ್ವ ಇಲಾಖೆಯ ರಸಾಯನಶಾಸ್ತ್ರಜ್ಞರ ಮುಂದೆ ಬರುವುದು ಬಹುಪಾಲು ಕೆಟ್ಟುಹೋದ ಮೇಲಿನ ಪ್ರಶ್ನೆಗಳು. ಬಣ್ಣ ಏಕೆ ಉದುರಿತು, ಗೋಡೆ ಏಕೆ ಉಬ್ಬಿತು, ಮಸಿ ತೆಗೆಯುವುದು ಹೇಗೆ? ಅಂಥ ರಸಾಯನಶಾಸ್ತ್ರಜ್ಞರಲ್ಲೊಬ್ಬರಾದ ಮ್ಯಾನೇಜರ್ ರಾಜದೇವ್ ಸಿಂಗ್ (ಮ್ಯಾನೇಜರ್ ಎಂಬುದು ಹೆಸರೇ, ಹುದ್ದೆಯಲ್ಲ) ಈ ಕೆಲಸದಲ್ಲೇ ಪಳಗಿದವರು. ಅಜಂತಾದ ಚಿತ್ರಗಳಿಗೆ 1920ರ ದಶಕದಲ್ಲಿ ನಿಜಾಮ ಸರ್ಕಾರ ಕರೆಸಿದ ಇಟಲಿಯ ತಜ್ಞರು ಅರಗು ಬಳಿದಿದ್ದರು. ಉದ್ದೇಶವೇನೋ ರಕ್ಷಣೆ. ಆದರೆ ಅರಗು ಹಳದಿಗಟ್ಟಿ, ಬಿರುಕುಬಿಟ್ಟು, ಚಿತ್ರಗಳಿಗೇ ಕಂಟಕವಾಯಿತು. ಅಂಥ ಪದರಗಳನ್ನೂ ಮಸಿಯನ್ನೂ ತೆಗೆದು ಕೆಳಗಿನ ಬಣ್ಣವನ್ನು ಬೆಳಕಿಗೆ ತಂದವರಲ್ಲಿ ಸಿಂಗ್ ಪ್ರಮುಖರು.

ಎಲ್ಲೋರದಲ್ಲಿ ಎದುರಾದ ಪ್ರಶ್ನೆ ಮಾತ್ರ ತಿರುವುಮುರುವು: ಇಲ್ಲಿನ ಗಿಲಾವು ಏಕೆ ಕೆಟ್ಟಿಲ್ಲ?

ಅಜಂತಾ, ಎಲ್ಲೋರ ಎರಡೂ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯವೇ. ಎರಡೂ ಕಡೆ ಕಪ್ಪು ಬಸಾಲ್ಟ್ ಬಂಡೆ, ಅದರ ಮೇಲೆ ಮೆತ್ತಿದ ಮಣ್ಣಿನ ಗಿಲಾವು. ಅಜಂತಾದ ಚಿತ್ರಗಳಲ್ಲಿ ಕಾಲು ಭಾಗವಾದರೂ ಹುಳುಹುಪ್ಪಟೆಗಳಿಂದ ಹಾಳಾಗಿದೆ ಎಂಬುದು ಸಿಂಗ್ ಅವರ ಅಂದಾಜು. ಎಲ್ಲೋರದ ಗಿಲಾವಿನಲ್ಲಿ ಹುಳುವಿನ ಕಾಟವೇ ಕಾಣಲಿಲ್ಲ.

ಸಿಂಗ್ ಜೊತೆಗೂಡಿದ್ದು ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಿಂದ್ ಸರದೇಸಾಯಿ. ಬೌದ್ಧ ಗುಹೆಗಳ ಗಿಲಾವಿನ ಚೂರುಗಳಿಂದ ಗಿಡದ ಅಂಶಗಳನ್ನು ಬೇರ್ಪಡಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು, ಇನ್‌ಫ್ರಾರೆಡ್ ಪರೀಕ್ಷೆಗೂ ಒಡ್ಡಿದರು. ನಾರು ಕಂಡರೆ ಸಾಲದು, ಯಾವ ಗಿಡದ್ದೆಂದು ಗೊತ್ತಾಗಬೇಕಲ್ಲ. ಅದಕ್ಕಾಗಿ ಜಾಲ್ನಾದಿಂದ ಮತ್ತು ದೆಹಲಿಯ ಹೊರವಲಯದಿಂದ ಹಸಿ ಗಿಡದ ಮಾದರಿ ತರಿಸಿ ಪಕ್ಕದಲ್ಲಿಟ್ಟು ತಾಳೆ ನೋಡಿದರು. ತಾಳೆಯಾಯಿತು. ಗಿಲಾವಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಇದ್ದದ್ದು ಭಂಗಿ, ಅಂದರೆ ಗಾಂಜಾ ಗಿಡ. 2016ರ ಮಾರ್ಚ್‌ನಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆ ಈ ಅಧ್ಯಯನದ ಲೇಖನವನ್ನು ಪ್ರಕಟಿಸಿತು. ಪತ್ರಿಕೆಗಳಿಗೆ ಬೇರೇನು ಬೇಕು, ಗಾಂಜಾ ಎಲ್ಲೋರವನ್ನು ಉಳಿಸಿತು ಎಂಬ ತಲೆಬರಹಗಳು ಹಾರಾಡಿದವು.

ನನಗೆ ಕುತೂಹಲ ಹುಟ್ಟಿಸಿದ್ದು ಅಮಲಿನ ಗಿಡವಲ್ಲ, ನಾರು. ಮಣ್ಣು ಒಣಗುವಾಗ ಕುಗ್ಗುತ್ತದೆ, ಕುಗ್ಗಿದರೆ ಸೀಳುತ್ತದೆ. ಮಣ್ಣಿನ ಗೋಡೆಗೆ ಹೊಟ್ಟು, ಹುಲ್ಲು ಬೆರೆಸಿ ತುಳಿದವರಿಗೆಲ್ಲ ಇದು ಗೊತ್ತು. ಸೀಳು ಓಡುತ್ತ ಬಂದು ನಾರಿಗೆ ಎದುರಾದಾಗ ನಾರು ಎರಡೂ ದಡಗಳನ್ನು ಹಿಡಿದುಕೊಳ್ಳುತ್ತದೆ. ಸೀಳು ಅಗಲವಾಗಬೇಕಾದರೆ ನಾರನ್ನು ಮಣ್ಣಿನಿಂದ ಕಿತ್ತೆಳೆಯಬೇಕು. ಆ ಉಜ್ಜಾಟದಲ್ಲೇ ಸೀಳಿನ ಶಕ್ತಿ ಸೋರಿಹೋಗುತ್ತದೆ. ಹೀಗಾಗಿ ಒಂದು ದೊಡ್ಡ ಬಿರುಕಿನ ಬದಲು ನೂರಾರು ಕೂದಲೆಳೆಯ ಬಿರುಕುಗಳು. ಗೋಡೆ ನೊಂದಿರುತ್ತದೆ, ಬಿದ್ದಿರುವುದಿಲ್ಲ.

ನೊಂದಿರುವುದಕ್ಕೂ ಬೀಳುವುದಕ್ಕೂ ನಡುವಿನ ಈ ಅಂತರವನ್ನು ಲೆಕ್ಕಕ್ಕೆ ತರಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. 1945ರಲ್ಲಿ ಸಂಖ್ಯಾಶಾಸ್ತ್ರಜ್ಞ ಡೇನಿಯಲ್ಸ್ ನಾರುಗಳ ಕಟ್ಟನ್ನು ಲೆಕ್ಕ ಹಾಕಿದ: ಒಂದು ಎಳೆ ತುಂಡಾದರೆ ಅದರ ಹೊರೆ ಉಳಿದವುಗಳ ಹೆಗಲೇರುತ್ತದೆ. 1958ರಲ್ಲಿ ಸೋವಿಯತ್ ವಿಜ್ಞಾನಿ ಲಾಜಾರ್ ಕಚಾನೋವ್, ಬಿಸಿಯಲ್ಲಿ ನಿಧಾನವಾಗಿ ಸೋಲುವ ಲೋಹದ ಬಗ್ಗೆ ಬರೆಯುತ್ತ, ಬಿರುಕುಗಳನ್ನು ಒಂದೊಂದಾಗಿ ಎಣಿಸುವ ಗೋಜಿಗೆ ಹೋಗದೆ, ವಸ್ತು ಇನ್ನೆಷ್ಟು ಇಡಿಯಾಗಿ ಉಳಿದಿದೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹಿಡಿದ. ನಾರು ಬೆರೆತ ವಸ್ತುವಿಗೆ ಒಂದು ಸಂಖ್ಯೆ ಸಾಲದು, ಏಕೆಂದರೆ ನಾರಿನ ಉದ್ದಕ್ಕೆ ಅದರ ಬಲವೇ ಬೇರೆ, ಅಡ್ಡಕ್ಕೆ ಬೇರೆ. 1985ರಲ್ಲಿ ಸಂಯುಕ್ತ ವಸ್ತುಗಳ ಸಂಶೋಧಕ ರಮೇಶ್ ತಲ್ರೇಜಾ ಹಾನಿಗೆ ದಿಕ್ಕನ್ನೂ ಕೊಟ್ಟು ಬರೆದರು.

ಅಂಥ ನಾರು ಬೆರೆತ ವಸ್ತುವಿನ ಇಂದಿನ ರೂಪವೂ ಇದೇ ಸೀಮೆಯಲ್ಲಿದೆ. ಸಂಭಾಜಿನಗರದಿಂದ ಪಶ್ಚಿಮಕ್ಕೆ ಹೋದರೆ ನಾಸಿಕ್, ಅದರ ಪಕ್ಕದ ಓಝರ್‌ನಲ್ಲಿ ಎಚ್‌ಎಎಲ್ ಕಾರ್ಖಾನೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ವಿಮಾನದ ಎಂಕೆ-1ಎ ಮಾದರಿ ಅಲ್ಲಿಂದ ಮೊದಲು ಹಾರಿದ್ದು 2025ರ ಅಕ್ಟೋಬರ್‌ನಲ್ಲಿ. ವಿಮಾನದ ಒಡಲಿನ ತೂಕದಲ್ಲಿ ಸುಮಾರು 45% ಕಾರ್ಬನ್ ನಾರಿನ ಸಂಯುಕ್ತ. ಮಣ್ಣಿನ ಜಾಗದಲ್ಲಿ ರಾಳ, ಭಂಗಿಯ ಜಾಗದಲ್ಲಿ ಕಾರ್ಬನ್. ಅಲ್ಲಿಯೂ ಭಯ ಹೊರಗೆ ಕಾಣದೆ ಪದರಗಳು ಬಿಡಿಸಿಕೊಳ್ಳುವುದರದೇ. ಇಂಥ ಫಲಕವನ್ನು ನಾಣ್ಯದಿಂದ ತಟ್ಟಿ ಸದ್ದು ಕೇಳುವ ಹಳೆಯ ಪರೀಕ್ಷೆ ಇದೆ. ಭಿತ್ತಿಚಿತ್ರ ಉಳಿಸುವವರೂ ಬಂಡೆಯಿಂದ ಗಿಲಾವು ಕಳಚಿಕೊಂಡಿದೆಯೇ ಎಂದು ಬೆರಳಿನಿಂದ ತಟ್ಟಿಯೇ ತಿಳಿಯುತ್ತಾರೆ.

ಹಾಗೆಂದು ಅಜಂತಾದ ಗಿಲಾವು ನಾರಿಲ್ಲದ್ದೇನಲ್ಲ. ಅಲ್ಲಿಯೂ ಭತ್ತದ ಹೊಟ್ಟು, ಹುಲ್ಲು, ಬೇರೆ ಗಿಡಗಳ ನಾರು ಇವೆ. ತಲೆಬರಹ ಬರೆದವರು ಇದನ್ನು ಬಿಟ್ಟರು. ವಿಮಾನದ ಲೆಕ್ಕದಲ್ಲಿ ಸಾಮಾನ್ಯವಾಗಿ ಮೊದಲು ಸೀಳುವುದು ರಾಳ, ಕೊನೆಗೆ ಮುರಿಯುವುದು ನಾರು. ಅಜಂತಾದಲ್ಲಿ ಕ್ರಮವೇ ಉಲ್ಟಾ: ಹುಳುವಿಗೆ ಊಟವಾದದ್ದು ನಾರೇ. ನಾರು ಇದ್ದಲ್ಲಿ ಟೊಳ್ಳು ಉಳಿಯಿತು. ಯಾವ ಹೊರೆಯೂ ಬೀಳದೆ ಕಚಾನೋವನ ಸಂಖ್ಯೆ ಇಳಿಯುತ್ತ ಹೋಯಿತು. ಭಂಗಿಯನ್ನು ಹುಳು ಮುಟ್ಟಲಿಲ್ಲ. ತೇವವನ್ನು ಹೀರಿ ಬಿಡುವ ಗುಣವೂ ಅದಕ್ಕಿದೆ. ಎಲ್ಲೋರದ ಗೆಲುವು ನಾರು ಬೆರೆಸಿದ್ದರಲ್ಲಿಲ್ಲ, ಯಾವ ನಾರು ಎಂದು ಆರಿಸಿದ್ದರಲ್ಲಿದೆ. ಅಷ್ಟಾದರೂ ಎಲ್ಲೋರದ ಚಿತ್ರಗಳೆಲ್ಲ ಉಳಿದಿವೆ ಎಂದುಕೊಳ್ಳಬೇಡಿ. ಅಲ್ಲಿನ, ನಮ್ಮ ರಾಷ್ಟ್ರಕೂಟ ಕೃಷ್ಣನ ಕೈಲಾಸ ದೇಗುಲದಲ್ಲಿ ಬಣ್ಣ ಉಳಿದಿರುವುದು ಹೆಚ್ಚಾಗಿ ಛಾವಣಿಯ ತುಣುಕುಗಳಲ್ಲಿ.

ಭಂಗಿ ಬೆರೆತ ಗಾರೆಯ ಆಯುಸ್ಸು 600ರಿಂದ 800 ವರ್ಷ ಎಂದು ಯೂರೋಪಿನವರು ಅಂದಾಜು ಮಾಡಿದ್ದರು. ಎಲ್ಲೋರದ ವಯಸ್ಸನ್ನು ಪತ್ರಿಕೆಗಳು 1,500 ಎಂದವು. ಬೌದ್ಧ ಗುಹೆಗಳಲ್ಲಿ ಹಲವು ಏಳನೇ ಶತಮಾನದವು, ಆದ್ದರಿಂದ ಒಂದಿಷ್ಟು ಕಡಿಮೆ ಹಿಡಿಯೋಣ. ಆದರೂ ಅಂದಾಜು ಸೋತಿದೆ.

ಈಗ ಇದೇ ಹದದಲ್ಲಿ ದುರಸ್ತಿಯ ಗಿಲಾವು ಕಲಸಬೇಕೆಂದರೆ ಭಂಗಿಯ ನಾರು ಬೇಕು. ತಲ್ರೇಜಾ ಲೇಖನ ಬಂದ 1985ರಲ್ಲೇ ನಮ್ಮ ಮಾದಕವಸ್ತು ಕಾಯ್ದೆಯೂ ಬಂತು. ನಾರಿಗಾಗಿ ಗಿಡ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಎಂದು ಅದರಲ್ಲೇ ಇದೆ. ಉತ್ತರಾಖಂಡ 2018ರಲ್ಲಿ ಅಂಥ ಪರವಾನಗಿ ಕೊಟ್ಟಿತು. ಪರವಾನಗಿಯಿಲ್ಲದ ಕಡೆ ಗಿಡ ಬೆಳೆದರೆ ಅಪರಾಧ, ಅದು ಗುಹೆಯ ಗೋಡೆಗೆಂದರೂ ಸರಿಯೇ.